ರಾಕ್ಷಸನ ಬಾಯಲ್ಲಿ ವಾಲಗ

ಮೊನ್ನೆ ಟಿ. ದಾಸರಹಳ್ಳಿಯ ಛತ್ರವೊಂದರಲ್ಲಿ ನನ್ನ ಸಹೋದ್ಯೋಗಿಯ ಮದುವೆ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದರು, ವಾಲಗದವರು ಕೆನ್ನೆ ಉಬ್ಬಿಸಿ ಒಂದೇ ಸಲಕ್ಕೆ ಊದಿದರು, ನಾನು ಅಕ್ಷತೆ ಹಾಕುವುದು ಬಿಟ್ಟು ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀವು ಹುಡುಗನ ಕಡೆಯವ್ರಾ, ಹುಡುಗಿ ಕಡೆಯವ್ರಾ?" ಎಂದು ಕೇಳಿದರು. ರಾಕ್ಷಸನ ಕಡೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಊಟದ ಸಾಲಿನ ಕಡೆಗೆ ನಡೆದೆ.

ನೀವಾದರೂ ಸ್ವಲ್ಪ ಸಮಾಧಾನದಿಂದ ಕೇಳುವುದಾದರೆ ಇದಕ್ಕೆ ಕಾರಣ ಹೇಳುತ್ತೇನೆ.

ನಮ್ಮೂರು ಈಗ ಊರಲ್ಲ. ಲಗ್ಗೆರೆಯ ಪಕ್ಕದ ಒಂದೆರಡು ಅಡ್ಡರಸ್ತೆ, ಅಷ್ಟೆ. ಆದರೆ ಊರಾಗಿದ್ದ ಕಾಲದಲ್ಲಿ ಅಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದರು. ಹಗಲೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ತಿರುಗಿಸಿದವರು ಸಂಜೆ ಭಜನೆ ಮನೆಯಲ್ಲಿ ಹಾರ್ಮೋನಿಯಂ ಸುತ್ತ ಕುಳಿತು ರಾಜರೂ ಋಷಿಗಳೂ ಆಗುತ್ತಿದ್ದರು. ನಾನು ಹುಟ್ಟುವುದಕ್ಕೆ ಮೊದಲು ನಡೆದ ಕೊನೆಯ ನಾಟಕದಲ್ಲಿ ನಮ್ಮ ದೊಡ್ಡಪ್ಪನದು ರಾಕ್ಷಸರಾಜನ ಪಾತ್ರ. ಪ್ರವೇಶದ ಹಾಡಿಗೆ ಜನ ಎದ್ದು ನಿಂತು ಒನ್ಸ್‌ಮೋರ್ ಕೂಗಿದರು ಎನ್ನುವುದು ದೊಡ್ಡಪ್ಪನ ಬಾಳಿನ ಮುಖ್ಯ ಘಟನೆ. ಮದುವೆ, ಮಕ್ಕಳು, ಜಮೀನು ಹೋಗಿ ಮಹಡಿ ಮನೆ ಎದ್ದದ್ದು, ಇವೆಲ್ಲ ಅದರ ಹಿಂದೆ ಮುಂದೆ ನಡೆದವು.

ಆ ನಾಟಕವನ್ನು ಚಿತ್ರೀಕರಿಸಲು ಕರೆಸಿದ್ದು ಪ್ರಕಾಶ ಎಂಬ ಮದುವೆ ವೀಡಿಯೊದವರನ್ನು. ಅವರು ಜೀವಮಾನದಲ್ಲಿ ಮದುವೆ ಬಿಟ್ಟು ಬೇರೇನನ್ನೂ ಚಿತ್ರೀಕರಿಸಿದವರಲ್ಲ. ಮದುವೆ ಕ್ಯಾಸೆಟ್‌ನಲ್ಲಿ ನಿಜವಾದ ಸದ್ದು ಯಾರಿಗೆ ಬೇಕು? ಛತ್ರದ ಗದ್ದಲ ಅಳಿಸಿ ಮೇಲೆ ವಾಲಗ ಹಾಕಿಕೊಡುವುದು ಅವರ ಪದ್ಧತಿ. ನಾಟಕದ ಕ್ಯಾಸೆಟ್ಟಿಗೂ ಅವರ ಕೈ ತನ್ನ ಪಾಡಿಗೆ ಅದನ್ನೇ ಮಾಡಿತು. ಊರಿಗೆ ಊರೇ ದೊಡ್ಡಪ್ಪನ ಮನೆಯ ಟೀವಿಯ ಮುಂದೆ ಸೇರಿತಂತೆ. ಪರದೆ ಸರಿಯಿತು, ಕೋರೆಹಲ್ಲು ಕಟ್ಟಿಕೊಂಡ ರಾಕ್ಷಸ ಗದೆ ಹಿಡಿದು ದಾಪುಗಾಲಿನಲ್ಲಿ ಬಂದ, ಎದೆಯುಬ್ಬಿಸಿ ಬಾಯಿ ತೆರೆದ, ಆ ಬಾಯಿಂದ ಧಾರೆಯ ಹೊತ್ತಿನ ವಾಲಗ ಹೊರಟಿತು. ಕೇಳಿದ್ದಕ್ಕೆ ಪ್ರಕಾಶ, "ಎಲ್ಲಾ ಕ್ಯಾಸೆಟ್‌ಗೂ ಹಾಕೋದೇ ಸಾರ್. ಇಲ್ದಿದ್ರೆ ಬಣಬಣ ಅನ್ಸುತ್ತೆ" ಎಂದರಂತೆ.

ನಾವು ಮಕ್ಕಳು ಹಬ್ಬಹಬ್ಬಕ್ಕೂ ಆ ಕ್ಯಾಸೆಟ್ ನೋಡುತ್ತಲೇ ಬೆಳೆದೆವು. ರಾಕ್ಷಸರ ಮಾತೃಭಾಷೆ ವಾಲಗ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯಲ್ಲಿ ಮಿಸ್ಸು "ಹುಲಿ ಗರ್ಜಿಸುತ್ತದೆ, ಆನೆ ಘೀಳಿಡುತ್ತದೆ, ರಾಕ್ಷಸ?" ಎಂದು ಕೇಳಿದಾಗ ನಾನು ಎದ್ದು ನಿಂತು ಪೀಪೀಪೀ ಎಂದು ಊದಿ ತೋರಿಸಿದ್ದೆ. ಆಮೇಲೆ ಮನೆಯ ವಿಸಿಆರ್ ಕೆಟ್ಟುಹೋಯಿತು. ಪ್ರತಿ ಆಯುಧಪೂಜೆಗೆ ದೊಡ್ಡಮ್ಮ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಬಾಯಿಗೆ ಸೇವಂತಿಗೆ ಇಡುತ್ತಿದ್ದರು. ವರ್ಷಗಳ ಕುಂಕುಮ ಒಳಗಿಳಿದು ಅದು ಮುತ್ತೈದೆಯಾಗಿಯೇ ತೀರಿಕೊಂಡಿತು.

ಇನ್ನು ನನ್ನ ವಿಷಯ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೇರಿಂಗ್‌ಗಳ ಅಳತೆ ನೋಡುವವಳು. ಸರಿ ಇದ್ದರೆ ಒಂದು ಗುರುತು, ಇಲ್ಲದಿದ್ದರೆ ಇನ್ನೊಂದು. ಆ ಚಾಳಿ ಮನೆಗೂ ಬಂದಿದೆ. ನನ್ನ ದಿನಚರಿಯಲ್ಲಿ ಹಾಲು ಉಕ್ಕಿದ ದಿನಕ್ಕೆ ಗೆರೆ, ಮೆಟ್ರೊದಲ್ಲಿ ಸೀಟು ಸಿಕ್ಕ ದಿನಕ್ಕೆ ಗೆರೆ, ದೊಡ್ಡಪ್ಪ ಒನ್ಸ್‌ಮೋರ್ ಕಥೆ ಹೇಳಿದ ದಿನಕ್ಕೆ ಗೆರೆ. ಕೊನೆಯದಕ್ಕೆ ಎಷ್ಟು ಜಾಗ ಬಿಟ್ಟರೂ ಸಾಲುವುದಿಲ್ಲ.

ಈ ಯುಗಾದಿ ಕಳೆದ ಮೇಲೆ ಊರಿನವರಿಗೆ ಮತ್ತೆ ನಾಟಕದ ಹುಕಿ ಬಂತು. ನೆಲಮಂಗಲದ ಕಡೆಯಿಂದ ಹೊಸ ಹಾರ್ಮೋನಿಯಂ ಮೇಷ್ಟ್ರು ಬಂದರು. ಉಳಿದ ಪಾತ್ರಗಳಿಗೆ ತಕರಾರಿರಲಿಲ್ಲ. ರಾಕ್ಷಸನಿಗೆ ಮಾತ್ರ ಇಬ್ಬರು. ಒಬ್ಬರು ನಮ್ಮ ದೊಡ್ಡಪ್ಪ. ಇನ್ನೊಬ್ಬ ಸತೀಶ, ಮುಖ್ಯರಸ್ತೆಯಲ್ಲಿ ಜಿಮ್ ನಡೆಸುವವನು. ಅವನ ತೋಳು ನೋಡಿದರೆ ಬಣ್ಣ ಹಚ್ಚದೆಯೂ ರಂಗಕ್ಕೆ ಬಿಡಬಹುದು.

ಮೇಷ್ಟ್ರು ಇಬ್ಬರನ್ನೂ ನೋಡಿದರು. "ಮೈಕಟ್ಟು ಇವ್ನದು. ಕಂಠ ನಿಮ್ದು ಅಂತೀರಿ. ಎಲ್ಲಿ, ಒಂದ್ ಸಾಲು ಹಾಡಿ ಅಂದ್ರೆ ಗಂಟಲು ಕಟ್ಟಿದೆ ಅಂತೀರಿ."

"ಇವತ್ತು ಕಟ್ಟೈತೆ ಮೇಷ್ಟ್ರೇ. ಆವತ್ತು ಕಟ್ಟಿರ್ನಿಲ್ಲ. ಕ್ಯಾಸೆಟ್ ಐತೆ. ಅದ್ರಾಗೆ ಒನ್ಸ್‌ಮೋರ್ ಐತೆ."

"ಅಣ್ಣ, ಅದ್ರಲ್ಲಿ ಇರೋದು ವಾಲಗ" ಎಂದ ಸತೀಶ. "ನಾವೂ ಚಿಕ್ಕೋರಿದ್ದಾಗ ನೋಡಿಲ್ವಾ. ಆ ಲೆಕ್ಕದಲ್ಲಿ ಪಾತ್ರ ವಾಲಗದೋರಿಗೆ ಕೊಡ್ಬೇಕು."

ಭಜನೆ ಮನೆಯಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಪಾತ್ರ ಹಂಚೋ ಭಾನುವಾರ ಆ ಕ್ಯಾಸೆಟ್ ಕೇಳ್ಸಿ. ಒನ್ಸ್‌ಮೋರ್ ಕೇಳಿಸಿದ್ರೆ ರಾಕ್ಷಸ ನಿಮ್ದು. ಇಲ್ಲಾಂದ್ರೆ ಸತೀಶಂದು."

ದೊಡ್ಡಪ್ಪ ನೇರವಾಗಿ ನನ್ನ ಹತ್ತಿರ ಬಂದರು. "ಅಮ್ಮಿ, ನೀನು ಅಳತೆ ಮಾಡೋಳು. ಒಂದು ಒಳ್ಳೇ ಮಿಷಿನ್ ನೋಡು. ವಾಲಗ ಮೇಲೆ ಆಕವ್ನೆ ಅಷ್ಟೇಯ. ನನ್ ದನಿ ಅಡೀಲಿ ಇದ್ದೇ ಇರ್ತದೆ."

"ಹಾಗಲ್ಲ ದೊಡ್ಡಪ್ಪ, ಮೇಲೆ ಹಾಕಿದ್ರೆ ಕೆಳಗಿಂದು ಅಳಿಸಿ ಹೋಗುತ್ತೆ."

"ಬಣ್ಣ ಒಡುದ್ರೆ ಗೋಡೆ ಎಲ್ಲಿಗ್ ಓಯ್ತದೆ?"

ಅವರ ಮುಖ ನೋಡಿ, ಟೇಪನ್ನು ಕಂಪ್ಯೂಟರ್‌ಗೆ ಇಳಿಸಿ ಚೊಕ್ಕಟ ಮಾಡಿದರೆ ವಾಲಗದ ಸಂದಿಯಲ್ಲಿ ಎಲ್ಲಾದರೂ ಏನಾದರೂ ಕೇಳಿಸೀತು ಎಂದುಕೊಂಡು ವಿಸಿಆರ್ ಡೆಕ್ಕಿನ ಬೇಟೆಗೆ ಇಳಿದೆ.

ಅಯ್ಯೋ, ಆ ದಿನಗಳ ಖುಷಿಯನ್ನು ಹೇಗೆ ಹೇಳಲಿ. ವಧುಪರೀಕ್ಷೆಗೆ ಹೊರಟ ಸೋದರಮಾವನ ಗತ್ತು ನನಗೆ ಬಂದಿತ್ತು. ಯಾರ ಮನೆಯ ಅಟ್ಟದ ಮೇಲೆ ವಿಸಿಆರ್ ಇದೆಯೆಂದು ಗೊತ್ತಾದರೂ ಸಾಕು, ಚೀಲದಲ್ಲಿ ಒಂದು ಹಳೆಯ ಕ್ಯಾಸೆಟ್ ಹಾಕಿಕೊಂಡು ಹೋಗಿಬಿಡುತ್ತಿದ್ದೆ. ಅವರು ಕಾಫಿ ಕೊಡುತ್ತಿದ್ದರು, ಡೆಕ್ಕಿನ ಗುಣಗಾನ ಮಾಡುತ್ತಿದ್ದರು, ನಾನು ಗಂಭೀರವಾಗಿ ತಲೆಯಾಡಿಸಿ ಪಟ್ಟಿಯಲ್ಲಿ ಅಂಕ ಬರೆದುಕೊಳ್ಳುತ್ತಿದ್ದೆ. ಚಿತ್ರ ನಡುಗುತ್ತದೆಯೇ, ಟೇಪು ಸುತ್ತುವಾಗ ನರಳುತ್ತದೆಯೇ, ರಿಮೋಟ್ ಇದೆಯೇ, ಒಬ್ಬಳೇ ಎತ್ತಬಹುದೇ. ಹೆಚ್ಚಿನವು ಮೊದಲ ಸುತ್ತಿನಲ್ಲೇ ಬಿದ್ದುಹೋದವು. ಕ್ಯಾಸೆಟ್ಟಿನಿಂದ ಡಿಸ್ಕಿಗೆ ನೇರವಾಗಿ ಇಳಿಸಿಕೊಡುವ ಯಂತ್ರವೊಂದರ ಮೇಲೆ ನನಗೆ ಮನಸ್ಸಾಗಿತ್ತು. ಅದು ಪರೀಕ್ಷೆಯ ಕ್ಯಾಸೆಟ್ಟನ್ನು ಒಳಗೆಳೆದುಕೊಂಡು ಶಾವಿಗೆ ಮಾಡಿ ಹೊರಗೆ ಕಳಿಸಿತು.

ಕೊನೆಗೆ ಉಳಿದದ್ದು ಎರಡು. ಒಂದು, ಸಹೋದ್ಯೋಗಿಯ ತಂದೆಯ ಬೆಳ್ಳಿ ಬಣ್ಣದ ಪ್ಲೇಯರ್. ತೆಳ್ಳಗೆ, ಶಾಂತವಾಗಿ, ರಿಮೋಟಿನ ಮೇಲಿನ ಪ್ಲಾಸ್ಟಿಕ್ ಸಹ ಹರಿಯದೆ ಕುಳಿತಿತ್ತು. ಇನ್ನೊಂದು, ಮಾರತ್ತಹಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಕರಿಯ ಡೆಕ್ಕು. ಒರಳುಕಲ್ಲಿನಷ್ಟು ಭಾರ, ರಿಮೋಟ್ ಇಲ್ಲ, ಕ್ಯಾಸೆಟ್ ಹಾಕುವ ಬಾಗಿಲನ್ನು ಯಾರಾದರೂ ಒತ್ತಿ ಹಿಡಿದುಕೊಳ್ಳಬೇಕು.

"ಮೇಡಂ, ಇದು ಹೈಫೈ ಮಾಲ್. ಸ್ಟುಡಿಯೋದಿಂದ ಬಂದಿದ್ದು. ಆ ಥರ ಡಬ್ಬಾ ಅಲ್ಲ" ಎಂದ ಅಂಗಡಿಯವನು.

"ಹೈಫೈ ಅಂದ್ರೆ?"

"ಹೈಫೈ ಅಂದ್ರೆ ಹೈಫೈ ಮೇಡಂ. ದೊಡ್ಡ ಲೆವೆಲ್."

ಡೆಕ್ಕಿನ ಹಣೆಯ ಮೇಲೂ ಚಿನ್ನದ ಅಕ್ಷರಗಳಲ್ಲಿ ಅದೇ ಬರೆದಿತ್ತು. ನಮ್ಮ ಕಡೆ ಹೈಫೈ ಎಂದರೆ ಏನೆಂದು ನಿಮಗೂ ಗೊತ್ತು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಹೈಫೈ, ಇಂಗ್ಲಿಷಿನಲ್ಲಿ ಜಗಳವಾಡುವ ಸಂಬಂಧಿಕರು ಹೈಫೈ, ಚಮಚದಲ್ಲಿ ಇಡ್ಲಿ ತಿನ್ನುವವರು ಹೈಫೈ. ಇದು ಮಾರುವವರ ಹೊಗಳಿಕೆ, ಅಂಕಕ್ಕೆ ಬಾರದು ಎಂದು ನಾನು ಪಟ್ಟಿಯಲ್ಲಿ ಆ ಕಲಮನ್ನೇ ಹೊಡೆದುಹಾಕಿದೆ. ಬೆಳ್ಳಿಯದು ಭಾರಿ ಅಂತರದಲ್ಲಿ ಗೆದ್ದಿತು.

ಅದನ್ನು ಮನೆಗೆ ತಂದು ಲ್ಯಾಪ್‌ಟಾಪಿಗೆ ಜೋಡಿಸಿ ನಾಟಕದ ಕ್ಯಾಸೆಟ್ ಹಾಕಿದೆ. ಎಂಥ ಚಿತ್ರ! ರಾಕ್ಷಸನ ಮೀಸೆಯ ಮಸಿ ಬೆವರಿಗೆ ಇಳಿಯುತ್ತಿರುವುದೂ ಕಾಣುತ್ತಿತ್ತು. ಎಂಥ ವಾಲಗ! ಡೋಲಿನ ಒಂದೊಂದು ಪೆಟ್ಟೂ ಬಿಡಿಬಿಡಿ. ವಾಲಗದ ಆಚೆ ಈಚೆ ಮಾತ್ರ ಒಂದು ಉಸಿರೂ ಇರಲಿಲ್ಲ. ಎಷ್ಟು ಸೋಸಿದರೂ ವಾಲಗ ಹೋಗಿ ಬರಿ ಮೌನ ಉಳಿಯಿತು.

"ಸಿಕ್ಕಲ್ಲ ದೊಡ್ಡಪ್ಪ. ಅಳಿಸಿ ಹೋಗಿದೆ."

ಅವರು "ಊಂ" ಎಂದರು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅಂದಿನಿಂದ ಒನ್ಸ್‌ಮೋರ್ ಕಥೆ ನಿಂತುಹೋಯಿತು. ಹಾಲು ಉಕ್ಕುತ್ತಿತ್ತು, ಮೆಟ್ರೊ ಬರುತ್ತಿತ್ತು, ದಿನಚರಿಯ ಆ ಒಂದು ಸಾಲು ಮಾತ್ರ ಖಾಲಿ. ಇದೇ ಕಥೆಗೆ ಎಷ್ಟು ಸಲ ಕಿವಿ ಮುಚ್ಚಿಕೊಂಡು ಮಹಡಿ ಹತ್ತಿದ್ದೇನೋ. ಈಗ ಜಗಲಿಯಲ್ಲಿ ಬೇಕೆಂದೇ ನಿಧಾನವಾಗಿ ಚಪ್ಪಲಿ ಬಿಚ್ಚುತ್ತಿದ್ದೆ. ಅವರು ಪೇಪರ್ ಓದುತ್ತಿದ್ದರು.

ತಡೆಯಲಾರದೆ ಹೋದವರು ದೊಡ್ಡಮ್ಮ. "ಇಷ್ಟ್ ವರ್ಸ ಬಾಯ್ ಮುಚ್ಕಳಿ ಅಂತಿದ್ದೆ. ಈಗ ಮುಚ್ಕಂಡವ್ರೆ, ಮನೇನೇ ಸಪ್ಪಗಾಗೋಯ್ತು. ಓಗಿ ಆ ಪ್ರಕಾಸನ್ನೇ ಕೇಳು, ಯಾಕಪ್ಪ ಇಂಗ್ ಮಾಡ್ದೆ ಅಂತ."

ಪ್ರಕಾಶ ಈಗ ದಾಸರಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಯಾರದೋ ಆಧಾರ್ ಕಾರ್ಡಿನ ನಕಲು ತೆಗೆಯುತ್ತಲೇ ನನ್ನ ಮಾತು ಕೇಳಿದರು.

"ಜನರೇಟರ್ ಸದ್ದು ಮೇಡಂ. ಗುರ್ ಅಂತ. ಅದಕ್ಕೇ ವಾಲಗ ಹಾಕ್ದೆ. ನಿಮ್ಮೋರು ಯಾರೂ ಚೆನ್ನಾಗಿಲ್ಲ ಅನ್ಲಿಲ್ವಲ್ಲ."

"ನಾಟಕದಲ್ಲಿ ಹಾಡೇ ಮುಖ್ಯ ಅಲ್ವಾ ಸಾರ್."

"ನಾನು ನಾಟಕ ನೋಡಿದವ್ನಲ್ಲ. ಆದ್ರೆ ಒಂದ್ ಮಾತು, ಕ್ಯಾಮರಾ ಬಗ್ಗೆ ಏನೂ ಹೇಳ್ಬೇಡಿ. ನಮ್ ಭಾವ ದುಬೈಯಿಂದ ತಂದಿದ್ದು. ಈ ಕಡೆಗೆಲ್ಲ ಒಂದೇ ಇದ್ದಿದ್ದು, ಹೈಫೈ ಕ್ಯಾಮರಾ."

"ದುಬೈದು ಅಂದ್ಮೇಲೆ ಹೈಫೈ ಇರ್ಲೇಬೇಕಲ್ಲ" ಎಂದೆ, ಸ್ವಲ್ಪ ಕೊಂಕಾಗಿಯೇ.

ಅವರು ಯಂತ್ರ ನಿಲ್ಲಿಸಿದರು. "ಹೈಫೈ ಅಂದ್ರೆ ಏನಂದ್ಕೊಂಡಿದೀರಿ ಮೇಡಂ?"

"ಶೋಕಿದು. ದೊಡ್ಡೋರದು."

ಆ ಮನುಷ್ಯ ನಕ್ಕ ನಗೆಗೆ ಆಧಾರ್ ಕಾರ್ಡಿನವನೂ ಕಾರಣ ತಿಳಿಯದೆ ನಕ್ಕ. ಆಮೇಲೆ ಹಾಳೆಯೊಂದರ ಹಿಂಬದಿಯಲ್ಲಿ ಬರೆದು ತೋರಿಸಿದರು. ಸಾಧಾರಣ ಟೇಪಿನಲ್ಲಿ ಸದ್ದು ಅಂಚಿನ ಒಂದು ತೆಳು ಗೆರೆಯಲ್ಲಿ ಇರುತ್ತದೆ. ವಾಲಗ ಹಾಕುವುದು ಆ ಗೆರೆಯನ್ನು ಅಳಿಸಿ. ಆದರೆ ಹೈಫೈ ಕ್ಯಾಮರಾ ಅದೇ ಸದ್ದನ್ನು ಚಿತ್ರದ ಅಡಿಯಲ್ಲಿ, ಟೇಪಿನ ಆಳದಲ್ಲಿ, ಇನ್ನೊಂದು ಸಲ ಬರೆಯುತ್ತದೆ. ಚಿತ್ರ ಅಳಿಸದೆ ಅದನ್ನು ಅಳಿಸಲು ಬರುವುದಿಲ್ಲ. ನಮ್ಮದು ನಕಲಲ್ಲ, ಕ್ಯಾಮರಾದಿಂದ ತೆಗೆದ ಮೂಲ ಕ್ಯಾಸೆಟ್ಟೇ. ಅಂಚಿನ ಗೆರೆ ಮಾತ್ರ ಓದುವ ಡೆಕ್ಕಿಗೆ ವಾಲಗ ಕೇಳಿಸುತ್ತದೆ. ಹೈಫೈ ಡೆಕ್ಕಿಗೆ ಅಡಿಯದು ಕೇಳಿಸುತ್ತದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಸಾರ್?"

"ಹೇಳ್ದೆ ಇರ್ತೀನಾ? ನಿಮ್ಮೂರಿಗೆ ಬಂದಾಗೆಲ್ಲ ನಮ್ದು ಹೈಫೈ ಹೈಫೈ ಅಂತ ಬಡ್ಕೊಂಡೆ. ನಿಮ್ ದೊಡ್ಡಪ್ಪ, ಆಯ್ತು ಬುಡಪ್ಪ ನೀನ್ ಸಾವ್ಕಾರ, ಅಂದ್ರು."

ನಾನು ಅಲ್ಲಿಂದ ಬಂದದ್ದು ನಡಿಗೆಯಲ್ಲೋ ಹಾರಿಯೋ ಗೊತ್ತಿಲ್ಲ. ಗೋಡೆ ಎಲ್ಲಿಗೂ ಹೋಗಿರಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಮಾರತ್ತಹಳ್ಳಿಗೆ ಓಡಿದೆ. ಬಸ್ಸಿನಲ್ಲಿ ಕರಿಯ ಡೆಕ್ಕು ತೊಡೆಯ ಮೇಲೆ ಕುಳಿತಿತ್ತು, ನಾನು ಅದರ ಅಡಿಯಲ್ಲಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಏನ್ ಮೇಡಂ ಇದು?" ಎಂದರು.

"ವಿಸಿಆರ್."

"ಮ್ಯೂಸಿಯಂ ಸ್ಟಾಪಿಗಾ?"

"ಲಗ್ಗೆರೆಗೆ. ಹೈಫೈ ಇದು ಸಾರ್."

"ಕಾಣ್ತಾ ಐತೆ" ಎಂದು ಲಗೇಜ್ ಟಿಕೆಟ್ ಹರಿದರು.

ಭಾನುವಾರ ಮಧ್ಯಾಹ್ನ. ಸಂಜೆಗೆ ಪಾತ್ರ ಹಂಚಿಕೆ. ಡೆಕ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಬಾಗಿಲನ್ನು ಸೌಟಿನ ಹಿಡಿಯಿಂದ ಒತ್ತಿಹಿಡಿದು, ಮೊದಲು ನಾನೊಬ್ಬಳೇ ಕೇಳೋಣವೆಂದು ಇಯರ್‌ಫೋನ್ ಹಾಕಿಕೊಂಡೆ. ಜನರೇಟರಿನ ಗುರ್ ಎನ್ನುವ ಸದ್ದು. ಮಗುವಿನ ಅಳು. ಯಾರೋ ಕೆಮ್ಮಿದರು. ಹಾರ್ಮೋನಿಯಂ ಎದ್ದಿತು. ರಾಕ್ಷಸ ಬಂದ, ಎದೆಯುಬ್ಬಿಸಿದ, ಬಾಯಿ ತೆರೆದ, ವಾಲಗ ಬರಲಿಲ್ಲ. ದೊಡ್ಡಪ್ಪ ಬಂದರು.

ಹೇಗೆ ಹೇಳಲಿ. ದನಿ ದೊಡ್ಡದೇ, ಅನುಮಾನವಿಲ್ಲ. ಆದರೆ ಹಾಡು ಒಂದು ಬೀದಿಯಲ್ಲಿ, ಹಾರ್ಮೋನಿಯಂ ಇನ್ನೊಂದು ಬೀದಿಯಲ್ಲಿ. ಅದು ಓಡಿಬಂದು ಕೈ ಹಿಡಿಯುವಷ್ಟರಲ್ಲಿ ಇವರು ಅಡ್ಡರಸ್ತೆಗೆ ತಿರುಗಿಬಿಡುತ್ತಿದ್ದರು. ನಡುವೆ ಹೆಂಗಸೊಬ್ಬರು ಏನೋ ಕೂಗಿದರು, ದೊಡ್ಡಪ್ಪನ ಅಬ್ಬರದಲ್ಲಿ ಅದು ತಿಳಿಯಲಿಲ್ಲ. ಆಮೇಲೆ ಜನ ಹೋ ಎಂದು ನಕ್ಕರು. ಆ ನಗುವಿನ ಒಳಗಿಂದಲೇ ಒಂದು ಕೂಗು ಬಂತು, ಒನ್ಸ್‌ಮೋರ್. ಇನ್ನೊಂದು ಬಂತು. ಆಮೇಲೆ ಎಲ್ಲರೂ ಕೂಗಿದರು.

ಅಂದರೆ ಇಷ್ಟು ಕಾಲದ ಒನ್ಸ್‌ಮೋರ್ ನಿಜ, ಆದರೆ ಅದು ಗೇಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಎರಡು ನಾಟಕಗಳಿದ್ದವು. ಬೆಳ್ಳಿ ಡೆಕ್ಕಿನ ವಾಲಗದ ನಾಟಕ, ಕರಿ ಡೆಕ್ಕಿನ ನಿಜದ ನಾಟಕ. ಮೊದಲನೆಯದನ್ನು ಒಯ್ದರೆ ಪಾತ್ರ ಹೋಗುತ್ತದೆ, ಮಾನ ಉಳಿಯುತ್ತದೆ. ಎರಡನೆಯದನ್ನು ಒಯ್ದರೆ ಏನೇನು ಹೋಗುತ್ತದೋ. ಇದಕ್ಕೆ ನನ್ನ ಪಟ್ಟಿಯಲ್ಲಿ ಕಲಮಿರಲಿಲ್ಲ.

"ಏನಮ್ಮಿ, ಸಿಕ್ತಾ?" ದೊಡ್ಡಪ್ಪ ಬೆನ್ನ ಹಿಂದೆಯೇ ನಿಂತಿದ್ದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಯರ್‌ಫೋನ್ ಕಿತ್ತು ಮೊದಲಿಂದ ಹಾಕಿದೆ. ದೊಡ್ಡಪ್ಪ ನಿಂತೇ ಕೇಳಿದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು. ಹಾಡು ಮುಗಿಯಿತು, ನಗು ಎದ್ದಿತು, ಕೂಗು ಬಂತು, ನಿಂತಿತು.

"ಆಡಿದ್ದು ಆಡಿದ್ದು ಅಂತಿದ್ರಲ್ಲ, ಆಡು ಅರಚಿದಂಗೇ ಐತಲ್ರೀ" ಎಂದರು ದೊಡ್ಡಮ್ಮ.

ನಾನು ಮೆಲ್ಲಗೆ ಹೇಳಿದೆ, "ದೊಡ್ಡಪ್ಪ, ಸೌಂಡ್ ಸಿಗಲಿಲ್ಲ ಅಂತ ಹೇಳೋಣ್ವಾ? ವಾಲಗದ್ದೇ ತಗೊಂಡು ಹೋಗೋಣ. ಇಲ್ಲಿ ಜನ ನಗ್ತಾ ಇದಾರೆ."

"ನಗೋದು ನಂಗೂ ಕೇಳ್ತು ಕಣಮ್ಮಿ. ನಗ್ತಾನೇ ಕೇಳವ್ರೆ ಒನ್ಸ್‌ಮೋರ್. ಅಳ್ತಾ ಯಾರಾರ ಕೇಳ್ತಾರಾ?" ಎಂದು ಟವೆಲ್ ಕೊಡವಿದರು. "ಐಫೈದೇ ತಗೋ."

ಭಜನೆ ಮನೆ ಕಿಕ್ಕಿರಿದಿತ್ತು. ಲ್ಯಾಪ್‌ಟಾಪನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ನಾನು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತೆ. ಹಾಡಿನ ಮೊದಲ ಸಾಲಿಗೇ ಸತೀಶನ ಕಡೆಯ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಳ್ಳತೊಡಗಿದರು. ಮೇಷ್ಟ್ರು ಕಣ್ಣು ಮುಚ್ಚಿದರು, ಭಕ್ತಿಗೋ ನೋವಿಗೋ ತಿಳಿಯಲಿಲ್ಲ. ಹೆಂಗಸಿನ ಕೂಗು ಬಂತು. ಸತೀಶ ನೆಟ್ಟಗಾದ.

"ನಿಲ್ಸಿ, ನಿಲ್ಸಿ. ಅದು ನಮ್ಮಜ್ಜಿ."

ಹಿಂದಕ್ಕೆ ತಿರುಗಿಸಿದೆ. ಹಿರಿಯರೆಲ್ಲ ಸ್ಪೀಕರಿನ ಕಡೆಗೆ ಬಾಗಿದರು. ಒಬ್ಬರು "ಅಕ್ಕಯ್ಯಮ್ಮನೇ ಕಣ್ರೋ" ಎಂದರು. ಇನ್ನೊಬ್ಬರು ಬೇಗನೆ ಗುರುತಿಸಿ ಮಾತನ್ನೂ ಹೇಳಿಬಿಟ್ಟರು. "ಲೋ, ಗದೆ ಬುಟ್ಟು ಪಂಚೆ ಇಡ್ಕಳೋ, ಬಿಚ್ಚೋಯ್ತಾ ಐತೆ."

ಈಗ ನನಗೂ ಚೆನ್ನಾಗಿ ಕೇಳಿಸಿತು, ಪರದೆಯ ಮೇಲೆ ಕಾಣಿಸಿತು ಕೂಡ. ರಾಕ್ಷಸರಾಜನ ಕಚ್ಚೆ ಜಾರುತ್ತಿದೆ. ಒಂದು ಕೈ ಗದೆಯಲ್ಲಿ, ಒಂದು ಕೈ ಸೊಂಟದಲ್ಲಿ. ಬಾಯಿ ಮಾತ್ರ ಮುಚ್ಚಿಲ್ಲ, ಹಾಡು ಒಂದು ಗಳಿಗೆಯೂ ನಿಂತಿಲ್ಲ. ಜನ ನಗುತ್ತಾ ಒನ್ಸ್‌ಮೋರ್ ಎಂದರೆ, ಅದೇ ಭಂಗಿಯಲ್ಲಿ, ಅದೇ ಪಂಚೆ ಹಿಡಿದು, ಮತ್ತೆ ಮೊದಲಿಂದ ಹಾಡುತ್ತಿದ್ದಾರೆ. ಇಷ್ಟು ವರ್ಷ ವಾಲಗದ ಗುಂಗಿನಲ್ಲಿ ನಾವು ಆ ಕೈ ಸೊಂಟಕ್ಕೆ ಹೋದದ್ದು ರಾಕ್ಷಸನ ಠೀವಿ ಎಂದುಕೊಂಡಿದ್ದೆವು.

ಭಜನೆ ಮನೆ ಉರುಳಾಡಿ ನಕ್ಕಿತು. ಸತೀಶ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ಬಗ್ಗಿದ. "ಅಕ್ಕ, ಇನ್ನೊಂದ್ ಸಲ. ದೊಡ್ಡಪ್ಪಂದು ಒಸಿ ಕಮ್ಮಿ ಮಾಡಿ, ಅಜ್ಜಿದು ಜಾಸ್ತಿ ಮಾಡೋಕಾಗುತ್ತಾ?" ಅವನ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮತ್ತೆ ಹಾಕಿದೆ. ಇನ್ನೊಬ್ಬರಿಗೆ ಅವರ ಅಪ್ಪನ ಕೆಮ್ಮು ಸಿಕ್ಕಿತು. ಅಳುತ್ತಿದ್ದ ಮಗು ಯಾರದೆಂದು ಎರಡು ಮನೆಯವರು ವಾದಕ್ಕೆ ಬಿದ್ದರು. ಪ್ರತಿ ಸಲ ಮುಗಿದಾಗಲೂ ಭಜನೆ ಮನೆಯವರೆಲ್ಲ ಸೇರಿ ಕೂಗುತ್ತಿದ್ದರು, ಒನ್ಸ್‌ಮೋರ್. ದೊಡ್ಡಪ್ಪ ಪ್ರತಿ ಸಲವೂ ಎದ್ದು ನಿಂತು ಕೈ ಮುಗಿಯುತ್ತಿದ್ದರು.

ಕೊನೆಗೆ ಮೇಷ್ಟ್ರು ಹಾರ್ಮೋನಿಯಂ ಮೇಲೆ ತಟ್ಟಿದರು. "ಶ್ರುತಿ ಇಲ್ಲ. ತಾಳ ಅಲ್ಲಲ್ಲಿ ಇದೆ. ಆದ್ರೆ ಮೈಮೇಲಿನ ಬಟ್ಟೆ ಜಾರ್ತಾ ಇದ್ರೂ ಹಾಡು ನಿಲ್ಸದೇ ಇರೋನು ರಾಕ್ಷಸ ಅಲ್ದೆ ಇನ್ನೇನು. ಕೇಳಿಸಿದ್ರೆ ನಿಮ್ದು ಅಂದಿದ್ದೆ, ಕೇಳಿಸ್ತು. ಸತೀಶ, ನೀನು ಸೇನಾಧಿಪತಿ."

"ನಡೀರಿ ಪ್ರಭು" ಎಂದು ಸತೀಶ ದೊಡ್ಡಪ್ಪನನ್ನು ಮಗುವಿನಂತೆ ಎತ್ತಿಕೊಂಡುಬಿಟ್ಟ. ದೊಡ್ಡಪ್ಪ ಮೊದಲು ಸೊಂಟ ಹಿಡಿದುಕೊಂಡರು.

ಈಗ ನಮ್ಮ ಮನೆಯಲ್ಲಿ ದಿನವೂ ತಾಲೀಮು. ಶ್ರುತಿಪೆಟ್ಟಿಗೆ ಒಂದು ಕೋಣೆಯಲ್ಲಿ, ದೊಡ್ಡಪ್ಪ ಇನ್ನೊಂದರಲ್ಲಿ ಇದ್ದಂತೆ ಕೇಳಿಸುತ್ತದೆ, ಇಬ್ಬರೂ ಒಂದೇ ಚಾಪೆಯ ಮೇಲಿದ್ದರೂ. ನಾನು ಕಾರ್ಖಾನೆಯಿಂದ ಬಂದು ಪಕ್ಕದಲ್ಲೇ ಕುಳಿತುಕೊಳ್ಳುತ್ತೇನೆ. ಅಳತೆ ನೋಡುವುದಿಲ್ಲ, ಗೆರೆ ಎಳೆಯುವುದಿಲ್ಲ. ಪ್ರವೇಶದ ಹಾಡು ಬಂದಾಗ ಒನ್ಸ್‌ಮೋರ್ ಕೂಗುವ ಕೆಲಸ ನನ್ನದು.

ನಿನ್ನೆ ಸಂಜೆ ಮೇಲಿನ ಮಹಡಿಯ ಬಾಡಿಗೆ ಹುಡುಗ ಇಳಿದುಬಂದ. ಆಫೀಸಿನ ಮೀಟಿಂಗ್ ಇತ್ತೆಂದು ಕಾಣುತ್ತದೆ, ಕಿವಿಯಲ್ಲಿ ಯಂತ್ರ ಹಾಗೇ ಇತ್ತು. ಕಲಿತ ಕನ್ನಡದಲ್ಲಿ ಬಹಳ ವಿನಯದಿಂದ ದೊಡ್ಡಮ್ಮನನ್ನು ಕೇಳಿದ, "ಆಂಟಿ, ನಾಟಕ ಯಾವಾಗ ಮುಗಿಯುತ್ತೆ?"

ದೊಡ್ಡಮ್ಮ ಅವನನ್ನು ಕರುಣೆಯಿಂದ ನೋಡಿದರು.

"ಇನ್ನೂ ಸುರುನೇ ಆಗಿಲ್ಲ ಕಣಪ್ಪ."